ಎರೆಯ ನಾಡಿನಲ್ಲಿ ಎಂಜಿನ್ನಿನ ಆರೈಕೆ



ಈ ಹೊತ್ತು ನಾನು ಮಾತನಾಡಬೇಕಾಗಿರುವುದು ಮೋಟಾರು ಕಾರಿನ ಎಂಜಿನ್ನಿನ ಆರೈಕೆಯನ್ನು ಕುರಿತು; ಅದಕ್ಕೆ ಒಪ್ಪುವ ಆಯಿಲ್ ಯಾವುದು, ಫಿಲ್ಟರುಗಳನ್ನು ಎಂದು ಬದಲಿಸಬೇಕು, ಎಂತಹ ಇಂಧನವನ್ನು ತುಂಬಿಸಬೇಕು ಎಂಬ ನಿತ್ಯೋಪಯೋಗಿಯಾದ ವಿಚಾರವನ್ನು ಕುರಿತು. ಕಾರಿನೊಡನೆ ಕಂಪನಿಯವರು ಕೊಡುವ ಕೈಪಿಡಿಯಲ್ಲಿ ಇವೆಲ್ಲಕ್ಕೂ ಉತ್ತರವಿದೆ. ಇಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್, ಇಷ್ಟು ಸಾವಿರಕ್ಕೆ ಏರ್ ಫಿಲ್ಟರ್ ಎಂದು ಪಟ್ಟಿಯೇ ಅಚ್ಚಾಗಿರುತ್ತದೆ. ಆದರೆ ಆ ಪಟ್ಟಿಯು ನುಣುಪಾದ ರಸ್ತೆಯನ್ನೂ, ಹಿತವಾದ ಹವೆಯನ್ನೂ, ಧೂಳಿಲ್ಲದ ಗಾಳಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ ಪಟ್ಟಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ವಾಹನವಿಟ್ಟುಕೊಂಡು ಬಾಳುವ ನಮಗೆ ಈ ಮೂರೂ ಒಟ್ಟಿಗೆ ದೊರೆಯುವ ದಿನಗಳು ವರ್ಷದಲ್ಲಿ ಬಹಳವಿಲ್ಲ. ಅದೇ ಕೈಪಿಡಿಯ ಹಿಂದಿನ ಪುಟಗಳಲ್ಲಿ, ಸಾಮಾನ್ಯವಾಗಿ ಯಾರೂ ತೆರೆದು ನೋಡದ ಕಡೆಯಲ್ಲಿ, ಇನ್ನೊಂದು ಪಟ್ಟಿ ಇರುತ್ತದೆ. ಧೂಳಿನ ಪ್ರದೇಶ, ಅತಿಯಾದ ಉಷ್ಣ, ಭಾರ ಎಳೆಯುವ ಕೆಲಸ, ಪದೇ ಪದೇ ಅಲ್ಪ ದೂರದ ಓಡಾಟ, ಇಂತಹ ಕಠಿಣ ಪರಿಸ್ಥಿತಿಯಲ್ಲಿ ದುಡಿಯುವ ವಾಹನಗಳಿಗೆಂದು ಪ್ರತ್ಯೇಕವಾಗಿ ಬರೆದ ಪಟ್ಟಿ ಅದು. ನಮ್ಮ ಪಟ್ಟಿ ಅದೇ. ಈ ಒಂದು ಮಾತನ್ನು ನಿಮಗೆ ಮನಗಾಣಿಸುವುದೇ ನನ್ನ ಭಾಷಣದ ಉದ್ದೇಶ.

ಮೊದಲು ನಮ್ಮ ನೆಲದ ಮಾತು. ಸಿಂಧನೂರಿನಿಂದ ಮಸ್ಕಿಯನ್ನು ಹಾದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಉದ್ದ ಸುಮಾರು 55 ಕಿಲೋಮೀಟರ್. ಅಷ್ಟರೊಳಗೆ ನೆಲದ ಗುಣವೇ ಬದಲಾಗುತ್ತದೆ. ಸಿಂಧನೂರಿನ ಸುತ್ತಲೂ ಎರೆಭೂಮಿ. ಒಂದು ಕಾಲಕ್ಕೆ ಜೋಳ, ಹತ್ತಿಗಳ ಸೀಮೆಯಾಗಿದ್ದ ಈ ಭಾಗಕ್ಕೆ 1950ರ ದಶಕದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು, ನೀರಿನ ಹಿಂದೆ ನೆಲ್ಲು ಬಂದು, ನೆಲ್ಲಿನ ಹಿಂದೆ ಟ್ರ್ಯಾಕ್ಟರುಗಳೂ ರೈಸ್ ಮಿಲ್ಲುಗಳೂ ಕೊಯ್ಲಿನ ಯಂತ್ರಗಳೂ ಬಂದುವು. ಮಳೆಯಲ್ಲಿ ಚಕ್ರಕ್ಕೆ ಅಂಟಿ ಬಿಡದ ಎರೆಯು ಬೇಸಿಗೆಯಲ್ಲಿ ಹಿಟ್ಟಿಗಿಂತ ನುಣುಪಾದ ಧೂಳಾಗಿ ಏಳುತ್ತದೆ. ರಾಶಿಯ ಕಾಲದಲ್ಲಿ ಅದರೊಡನೆ ನೆಲ್ಲಿನ ಹೊಟ್ಟೂ ಸೇರುತ್ತದೆ. ಅಲ್ಲಿಂದ ಮಸ್ಕಿಯತ್ತ ಹೊರಟರೆ ಬಂಡೆಗಲ್ಲಿನ ಗುಡ್ಡಗಳು ಕಾಣತೊಡಗುತ್ತವೆ. ಮಣ್ಣಿನಲ್ಲಿ ಗರಸು ಬೆರೆಯುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನವನ್ನು ಅರಸುತ್ತ ಈ ಗುಡ್ಡಗಳಲ್ಲಿ ಅಲೆಯುತ್ತಿದ್ದಾಗಲೇ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವು ಲೋಕಕ್ಕೆ ತಿಳಿದುಬಂದುದು. ಅವನು ಚಿನ್ನವನ್ನು ಇಲ್ಲಿ ಅರಸಿದುದಕ್ಕೆ ಕಾರಣವಿದೆ. ಮಸ್ಕಿಯಿಂದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯವರೆಗೂ ಹಬ್ಬಿರುವ ಶಿಲಾಪಟ್ಟಿಯಲ್ಲಿ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿದೆ. ಹಟ್ಟಿಯ ಗಣಿಯಲ್ಲಿ ಇಂದಿಗೂ ಅದನ್ನೇ ಅಗೆಯುತ್ತಿರುವರು. ಆ ಬೆಣಚುಕಲ್ಲು ನಮ್ಮ ಈ ಹೊತ್ತಿನ ವಿಷಯಕ್ಕೆ ಬಹು ಮುಖ್ಯವಾದ ವಸ್ತು. ಏಕೆಂದರೆ ಅದು ಎಂಜಿನ್ನಿನ ಸಿಲಿಂಡರನ್ನು ಮಾಡಿರುವ ಎರಕದ ಕಬ್ಬಿಣಕ್ಕಿಂತ ಗಟ್ಟಿ.

ಹೀಗೆ ನಮ್ಮಲ್ಲಿ ಎರಡು ಬಗೆಯ ಧೂಳು ಉಂಟೆಂದಾಯಿತು. ಎರೆಯ ಧೂಳು ಮೃದು, ಅತಿ ಸೂಕ್ಷ್ಮ; ಅದು ಫಿಲ್ಟರಿನ ರಂಧ್ರಗಳನ್ನು ಮುಚ್ಚಿ ಎಂಜಿನ್ನಿಗೆ ಉಸಿರು ಕಟ್ಟಿಸುತ್ತದೆ. ಗರಸಿನ ಧೂಳು ಒರಟು, ಕಠಿಣ. ಅದು ಫಿಲ್ಟರನ್ನು ದಾಟಿ ಒಳಹೊಕ್ಕರೆ ಲೋಹವನ್ನೇ ಮಸೆಯುತ್ತದೆ. ಈಗ ಈ ಧೂಳು ಎಂಜಿನ್ನನ್ನು ಹೊಗುವ ಹೆಬ್ಬಾಗಿಲಾದ ಏರ್ ಫಿಲ್ಟರಿನ ವಿಚಾರವನ್ನು ನೋಡೋಣ.

ಕಾರು ಪೆಟ್ರೋಲನ್ನು ಕುಡಿಯುತ್ತದೆಂದು ನಾವೆಲ್ಲರೂ ಹೇಳುತ್ತೇವೆ. ನಿಜವಾಗಿ ಅದು ಸೇವಿಸುವುದು ಹೆಚ್ಚಾಗಿ ಗಾಳಿಯನ್ನು. ಒಂದು ಕಿಲೋ ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಸುಮಾರು 15 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಲೀಟರಿಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಓಡುವ ಕಾರೊಂದು ಸಿಂಧನೂರಿನಿಂದ ಲಿಂಗಸುಗೂರನ್ನು ತಲಪುವಷ್ಟರಲ್ಲಿ ಸುಮಾರು 35,000 ಲೀಟರ್ ಗಾಳಿಯನ್ನು ಒಳಗೆಳೆದುಕೊಂಡಿರುತ್ತದೆ. ಬೇಸಿಗೆಯಲ್ಲಿ ನಮ್ಮ ಓಣಿಗಳಿಗೆ ಟ್ರ್ಯಾಕ್ಟರಿನ ಹಿಂದೆ ಬರುವ 5,000 ಲೀಟರಿನ ನೀರಿನ ಟ್ಯಾಂಕರುಗಳನ್ನು ನೆನೆದುಕೊಂಡರೆ, ಅಂತಹ ಏಳು ಟ್ಯಾಂಕರು ತುಂಬುವಷ್ಟು. ಅಷ್ಟೂ ಗಾಳಿಯು ಒಂದು ಕಾಗದದ ಮಡಿಕೆಯ ಮೂಲಕವೇ ಹಾಯ್ದು ಹೋಗಬೇಕು. ಆ ಕಾಗದವೇ ಏರ್ ಫಿಲ್ಟರು. ಬೆಲೆಯಲ್ಲಿ ಅದು ಎಂಜಿನ್ನಿನ ಅತ್ಯಂತ ಅಗ್ಗದ ಅಂಗಗಳಲ್ಲೊಂದು. ಎಂಜಿನ್ನಿನ ಆಯುಸ್ಸು ಮಾತ್ರ ಅದನ್ನು ನಂಬಿಕೊಂಡಿದೆ.

ಫಿಲ್ಟರನ್ನು ದಾಟಿದ ಧೂಳು ಏನು ಮಾಡುತ್ತದೆಂಬುದನ್ನು ಕೇಳಿರಿ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ, ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ, ಆಯಿಲಿನ ಒಂದು ತೆಳುವಾದ ಪೊರೆ ಇರುತ್ತದೆ. ಅದರ ದಪ್ಪ ಕೆಲವೇ ಮೈಕ್ರಾನು. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನು ದಪ್ಪ. ಆದುದರಿಂದ ಎಂಜಿನ್ನಿಗೆ ಹೆಚ್ಚಿನ ಹಾನಿಯನ್ನು ಮಾಡುವುದು ಕಣ್ಣಿಗೆ ಕಾಣುವ ಮರಳಿನ ಕಣಕ್ಕಿಂತ, ಐದು ಹತ್ತು ಇಪ್ಪತ್ತು ಮೈಕ್ರಾನಿನ, ಕಣ್ಣಿಗೆ ಕಾಣದ ಕಣವೇ. ಅದು ಆ ಪೊರೆಯೊಳಕ್ಕೆ ಸರಿಯಾಗಿ ಹಿಡಿಯುತ್ತದೆ, ಆಯಿಲಿನೊಡನೆ ಬೆರೆತು ಮಸೆಯುವ ಲೇಪವಾಗುತ್ತದೆ, ರಿಂಗುಗಳನ್ನು ಸವೆಸುತ್ತದೆ. ರಿಂಗು ಸವೆದ ಗಾಡಿಯು ಆಯಿಲನ್ನು ಸುಡತೊಡಗುತ್ತದೆ, ನೀಲಿ ಹೊಗೆಯನ್ನು ಬಿಡುತ್ತದೆ, ಏರು ಹತ್ತಲಾರದೆ ಸೊರಗುತ್ತದೆ. ಕಡೆಗೊಂದು ದಿನ ಗ್ಯಾರೇಜಿನ ಮೇಸ್ತ್ರಿ, “ಇಂಜಿನ್ ಬೋರಿಗೆ ಬಂದದ್ರಿ” ಎನ್ನುತ್ತಾನೆ; ಎಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸಬೇಕು. ಕೆಲವು ನೂರು ರೂಪಾಯಿಗಳ ಕಾಗದವನ್ನು ಬದಲಿಸದೆ ಬಿಟ್ಟುದಕ್ಕೆ ಹತ್ತಾರು ಸಾವಿರ ರೂಪಾಯಿಗಳ ದಂಡವನ್ನು ತೆರಬೇಕಾಗುತ್ತದೆ.

ಏರ್ ಫಿಲ್ಟರಿನ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ರೂಢಿಯಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಗಾಡಿಯನ್ನು ತೊಳೆಸಲು ಹೋದಾಗಲೆಲ್ಲ ಫಿಲ್ಟರನ್ನು ಹೊರತೆಗೆಸಿ, ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರಿನಿಂದ ಬಿರುಸಾಗಿ ಊದಿಸುವುದೇ ಶ್ರದ್ಧೆಯೆಂದು ಅನೇಕರು ತಿಳಿದಿರುವರು. ಆ ಒತ್ತಡಕ್ಕೆ ಕಾಗದದ ನಾರುಗಳು ಬಿಚ್ಚಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಹೊರನೋಟಕ್ಕೆ ಶುಭ್ರವಾದ ಆ ಫಿಲ್ಟರು ಅನಂತರ ಧೂಳನ್ನು ತಡೆಯದೆ ಬಿಟ್ಟುಕೊಡುತ್ತದೆ. ಇನ್ನೊಂದು ಸಂಗತಿಯುಂಟು. ಕಾಗದದ ಫಿಲ್ಟರು ಹೊಚ್ಚಹೊಸದಾಗಿದ್ದಾಗ ಇರುವುದಕ್ಕಿಂತ, ಸ್ವಲ್ಪ ಧೂಳು ಕುಳಿತ ಮೇಲೆ ಇನ್ನೂ ಸೂಕ್ಷ್ಮವಾಗಿ ಸೋಸುತ್ತದೆ; ಕುಳಿತ ಧೂಳೇ ಮುಂದೆ ಬರುವ ಧೂಳಿಗೆ ಜರಡಿಯಾಗುವುದು. ಆದುದರಿಂದ ದಿನಬೆಳಗಾದರೆ ತೆರೆದು ಕೊಡವುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ತೆರೆದಾಗ ಮೆಲ್ಲನೆ ತಟ್ಟಿ ಉದುರಿಸಬಹುದು. ಊದಲೇಬೇಕಾದರೆ ಕಡಿಮೆ ಒತ್ತಡದಲ್ಲಿ, ದೂರದಿಂದ, ಒಳಮೈಯಿಂದ ಹೊರಮೈಗೆ ಊದಬೇಕು. ನೀರಿನಲ್ಲಿ ತೊಳೆಯಕೂಡದು. ಮುಖ್ಯವಾಗಿ, ಕಾಲಕ್ಕೆ ಸರಿಯಾಗಿ ಹೊಸದನ್ನು ಹಾಕಬೇಕು. ಪೇಟೆಯ ರಸ್ತೆಗಳಲ್ಲಿ ಮಾತ್ರ ಓಡುವ ಗಾಡಿಗೆ ಕೈಪಿಡಿಯು ಎಷ್ಟು ಅವಧಿಯನ್ನು ಹೇಳುವುದೋ, ಹೊಲದ ದಾರಿ, ಕ್ಯಾಂಪುಗಳೆಂಬ ರೈತರ ನೆಲೆಗಳ ಕಚ್ಚಾ ರಸ್ತೆ, ಕಾಲುವೆಯ ಏರಿಗಳ ಮೇಲೆ ಓಡಾಡುವ ಗಾಡಿಗೆ ಅದರ ಅರ್ಧವೆಂದು ತಿಳಿಯುವುದು ಕ್ಷೇಮ.

ಹೊಸದನ್ನು ಹಾಕಿದರೆ ಸಾಲದು. ಅದು ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂತಿದೆಯೇ, ಅಂಚಿನ ರಬ್ಬರು ಮಡಿಚಿಕೊಂಡಿಲ್ಲವೇ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ ಬಿರಿದಿಲ್ಲವೇ ಎಂಬುದನ್ನು ನೋಡಬೇಕು. ಪರೀಕ್ಷೆ ಸುಲಭ. ಫಿಲ್ಟರಿನ ಆಚೆಗೆ, ಎಂದರೆ ಎಂಜಿನ್ನಿನ ಕಡೆಯ ಕೊಳವೆಯ ಒಳಗೆ, ಒಂದು ಬಿಳಿಯ ಬಟ್ಟೆಯನ್ನು ಆಡಿಸಿ ನೋಡಿರಿ. ಬಟ್ಟೆಗೆ ಮಣ್ಣು ಹತ್ತಿತೆಂದರೆ ಗಾಳಿಯು ಎಲ್ಲಿಯೋ ಕಳ್ಳದಾರಿಯನ್ನು ಹಿಡಿದಿದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಕಾಗದಕ್ಕೆ ಬದಲಾಗಿ ಆಯಿಲ್ ತುಂಬಿದ ಬಟ್ಟಲೊಂದು ಇರುತ್ತದೆ. ಧೂಳು ಅದರಲ್ಲಿ ಕೆಸರಾಗಿ ಇಳಿಯುತ್ತದೆ. ರಾಶಿಯ ದಿನಗಳಲ್ಲಿ ಆ ಬಟ್ಟಲನ್ನು ದಿನಕ್ಕೊಮ್ಮೆ ನೋಡುವ ರೈತನ ಟ್ರ್ಯಾಕ್ಟರು ಅವನ ಮಗನ ಕಾಲಕ್ಕೂ ದುಡಿಯುತ್ತದೆ.

ಇಷ್ಟು ಹೊತ್ತು ಹೊರಗಿನ ಧೂಳನ್ನು ಬಾಗಿಲಲ್ಲೇ ತಡೆಯುವ ಕ್ರಮವನ್ನು ಕೇಳಿದಿರಿ. ಒಳಗಿನ ಆಯಿಲಿನ ವಿಚಾರಕ್ಕೆ ಈಗ ಬರುತ್ತೇನೆ.

ಆಯಿಲು ಎಂಜಿನ್ನಿನಲ್ಲಿ ಜಾರಿಕೆಯನ್ನು ಉಂಟುಮಾಡುವುದಷ್ಟೇ ಅಲ್ಲದೆ, ಪಿಸ್ಟನ್ನಿನ ಶಾಖವನ್ನು ಹೊತ್ತೊಯ್ಯುತ್ತದೆ, ಉರಿದುಳಿದ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಕೂರಲು ಬಿಡದೆ ತೊಳೆಯುತ್ತದೆ, ರಿಂಗು ಸಿಲಿಂಡರುಗಳ ಸಂದನ್ನು ಮುಚ್ಚಿ ಒತ್ತಡವನ್ನು ಹಿಡಿದಿಡುತ್ತದೆ. ಡೀಸೆಲ್ ಗಾಡಿಯ ಆಯಿಲು ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದನ್ನು ಕಂಡು ಗಾಬರಿಗೊಳ್ಳುವವರಿದ್ದಾರೆ. ಗಾಬರಿ ಬೇಡ. ಮಸಿಯು ಆಯಿಲಿಗೆ ಬಂದಿತೆಂದರೆ ಆಯಿಲು ತನ್ನ ಕೆಲಸವನ್ನು ಮಾಡುತ್ತಿದೆಯೆಂದೇ ಅರ್ಥ. ಬಣ್ಣವನ್ನು ನೋಡಿ ತೀರ್ಮಾನಿಸದೆ ಅವಧಿಯನ್ನು ನೋಡಿ ಬದಲಿಸತಕ್ಕದ್ದು.

ಆಯಿಲಿನ ಡಬ್ಬಿಯ ಮೇಲೆ ಎರಡು ಗುರುತುಗಳಿರುತ್ತವೆ. ಒಂದು ಅದರ ಸ್ನಿಗ್ಧತೆಯನ್ನು, ಎಂದರೆ ಹರಿಯುವಾಗಿನ ದಪ್ಪ ತೆಳುವನ್ನು ಹೇಳುತ್ತದೆ. 20ಡಬ್ಲ್ಯು-40, 15ಡಬ್ಲ್ಯು-40, 5ಡಬ್ಲ್ಯು-30, 0ಡಬ್ಲ್ಯು-20 ಎಂದು ಬರೆದಿರುವುದನ್ನು ನೀವು ಕಂಡಿರಬೇಕು. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು ಗೊತ್ತುಮಾಡಿದ ಕ್ರಮವದು. ಡಬ್ಲ್ಯು ಅಕ್ಷರವು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿಯು ಚಳಿಯಲ್ಲಿ ಆಯಿಲು ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನೂ, ಮುಂದಿನ ಅಂಕಿಯು 100 ಡಿಗ್ರಿ ಶಾಖದಲ್ಲಿ ಎಷ್ಟು ದಪ್ಪವಾಗಿ ಉಳಿಯುವುದೆಂಬುದನ್ನೂ ತಿಳಿಸುತ್ತವೆ. ನೀರು ಹೆಪ್ಪುಗಟ್ಟುವ ಚಳಿಯನ್ನು ರಾಯಚೂರು ಜಿಲ್ಲೆಯು ಕಂಡುದಿಲ್ಲ. ಆದುದರಿಂದ ಮೊದಲ ಅಂಕಿಯು ನಮಗೆ ಅಷ್ಟಾಗಿ ತೊಡಕನ್ನು ತರಲಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸವು 40 ಡಿಗ್ರಿಯನ್ನು ದಾಟುವ ನಮ್ಮ ಸೀಮೆಯಲ್ಲಿ ನೋಡಬೇಕಾದುದು ಎರಡನೆಯ ಅಂಕಿ.

ಹಾಗೆಂದೊಡನೆ “ದಪ್ಪ ಆಯಿಲ್ ಹಾಕಿಬಿಡ್ರಿ, ಬಿಸಿಲಿಗೆ ತಡೀತದ” ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಇದು ಅರ್ಧ ಸತ್ಯ. ಅಂಬಾಸಿಡರು, ಹಳೆಯ ಜೀಪುಗಳ ಕಾಲದ ಎಂಜಿನ್ನುಗಳಿಗೆ, ಇಂದಿನ ಅನೇಕ ಟ್ರ್ಯಾಕ್ಟರುಗಳಿಗೆ, 20ಡಬ್ಲ್ಯು-40, 15ಡಬ್ಲ್ಯು-40 ಸರಿಯಾದ ಆಯಿಲುಗಳೇ. ಆದರೆ ಈಚಿನ ಕಾರುಗಳಲ್ಲಿ ಆಯಿಲಿನ ದಾರಿಗಳು ಸಪೂರ. ಕವಾಟಗಳನ್ನು ಹೊಂದಿಸುವ ಸೂಕ್ಷ್ಮವಾದ ಭಾಗಗಳು ಆಯಿಲಿನ ಒತ್ತಡದಿಂದಲೇ ನಡೆಯುತ್ತವೆ. ಅಲ್ಲಿಗೆ ದಪ್ಪ ಆಯಿಲು ಸಕಾಲಕ್ಕೆ ತಲಪಲಾರದು. ಬೆಳಗ್ಗೆ ಗಾಡಿಯನ್ನು ಚಾಲೂ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿಯೇ ಎಂಜಿನ್ನು ಹೆಚ್ಚಾಗಿ ಸವೆಯುವುದರಿಂದ ಈ ವಿಳಂಬವು ಅಲ್ಪವೆಂದು ತಳ್ಳಿಬಿಡತಕ್ಕದ್ದಲ್ಲ. ಹಾಗಾದರೆ ಮಾಡತಕ್ಕದ್ದೇನು? ಅನೇಕ ಕೈಪಿಡಿಗಳಲ್ಲಿ ಹೊರಗಿನ ಹವೆಯ ಉಷ್ಣಕ್ಕೆ ತಕ್ಕಂತೆ ಎರಡು ಮೂರು ಬಗೆಯ ಆಯಿಲುಗಳಿಗೆ ಅನುಮತಿಯನ್ನಿತ್ತಿರುತ್ತಾರೆ. ಆ ಅನುಮತಿಯ ಎಲ್ಲೆಯೊಳಗೆ, ಉಷ್ಣಪ್ರದೇಶಕ್ಕೆಂದು ಹೇಳಿರುವುದನ್ನು ಆರಿಸಿಕೊಳ್ಳಿರಿ. ಕೈಪಿಡಿಯು ಒಂದೇ ಬಗೆಯನ್ನು ಹೇಳಿದ್ದರೆ ಅದನ್ನೇ ಹಾಕಿರಿ. ಎಲ್ಲೆಯನ್ನು ದಾಟಬೇಡಿರಿ, ಯಾರು ಹೇಳಿದರೂ ದಾಟಬೇಡಿರಿ.

ಎರಡನೆಯ ಗುರುತು ಆಯಿಲಿನ ಗುಣದ್ದು. ಎಪಿಐ ಎಂಬ ಮೂರಕ್ಷರಗಳ ಮುಂದೆ ಎಸ್ ಎಂದಿದ್ದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಎಂದಿದ್ದರೆ ಡೀಸೆಲ್ ಎಂಜಿನ್ನಿಗೆ. ಅದರ ಮುಂದಿನ ಅಕ್ಷರವು ವರ್ಣಮಾಲೆಯಲ್ಲಿ ಮುಂದು ಮುಂದಕ್ಕೆ ಹೋದಷ್ಟೂ ಹೊಸ ಕಾಲದ ಆಯಿಲೆಂದು ತಿಳಿಯಬೇಕು. ಎಸ್‌ಎನ್‌ಗಿಂತ ಎಸ್‌ಪಿ ಹೊಸದು. ಸಿಐ-4ಕ್ಕಿಂತ ಸಿಕೆ-4 ಹೊಸದು. ಇಲ್ಲಿ ಡೀಸೆಲ್ ಕಾರಿನವರಿಗೆ ಒಂದು ವಿಶೇಷವಾದ ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಮಾರಾಟವಾದ ಹೊಸ ಕಾರುಗಳು ಹೊಗೆಯ ಮಿತಿಯನ್ನು ಗೊತ್ತುಮಾಡುವ ಬಿಎಸ್-6 ನಿಯಮಕ್ಕೆ ಒಳಪಟ್ಟವು. ಇವುಗಳಲ್ಲಿ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದು ಸುಡುವ ಜಾಲರಿಯಿರುತ್ತದೆ. ಮಸಿಯು ಸುಟ್ಟು ಹೋಗುತ್ತದೆ. ಆಯಿಲಿನಿಂದ ಬಂದ ಬೂದಿಯು ಸುಡದೆ ಅಲ್ಲಿಯೇ ನಿಂತು ಜಾಲರಿಯನ್ನು ಕಟ್ಟಿಬಿಡುತ್ತದೆ. ಆದುದರಿಂದ ಈ ಗಾಡಿಗಳಿಗೆ ಬೂದಿ ಕಡಿಮೆಯಿರುವ ಆಯಿಲೇ ಆಗಬೇಕು. ಟ್ರ್ಯಾಕ್ಟರಿಗೆಂದು ತಂದಿಟ್ಟ ದೊಡ್ಡ ಡಬ್ಬಿಯಿಂದ ಎರಡು ಲೀಟರ್ ತೆಗೆದು ಹೊಸ ಕಾರಿಗೆ ಸುರಿಯುವ ಮಿತವ್ಯಯವು ಮುಂದೆ ಬಹು ದುಬಾರಿಯಾಗುತ್ತದೆ.

ಮಿನರಲ್ ಆಯಿಲೋ ಸಿಂಥೆಟಿಕ್ ಆಯಿಲೋ ಎಂಬ ಪ್ರಶ್ನೆಯನ್ನು ಬಹಳ ಮಂದಿ ಕೇಳುತ್ತಾರೆ. ಶಾಖಕ್ಕೆ ಸಿಂಥೆಟಿಕ್ ಹೆಚ್ಚು ತಡೆಯುತ್ತದೆ, ನಿಜ. ಆದರೆ ಒಳಹೊಕ್ಕ ಧೂಳನ್ನು ಯಾವ ಆಯಿಲೂ ಕರಗಿಸಲಾರದು. ಬೆಲೆಯುಳ್ಳ ಆಯಿಲನ್ನು ಹಾಕಿದೆನೆಂಬ ಧೈರ್ಯದಿಂದ ಅವಧಿಯನ್ನು ಹಿಗ್ಗಿಸುವುದಕ್ಕಿಂತ, ಕೈಪಿಡಿಯು ಒಪ್ಪುವ ಸಾಧಾರಣವಾದ ಆಯಿಲನ್ನೇ ಬೇಗ ಬೇಗ ಬದಲಿಸುವುದು ನಮ್ಮ ನಾಡಿಗೆ ಹೆಚ್ಚು ಹೊಂದುತ್ತದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಸಾಮಾನ್ಯ ಪಟ್ಟಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷವೆಂದು ಇದ್ದರೆ, ಕಠಿಣ ಪರಿಸ್ಥಿತಿಯ ಪಟ್ಟಿಯಲ್ಲಿ ಅದು ಅನೇಕ ವೇಳೆ 5,000 ಕಿಲೋಮೀಟರ್ ಅಥವಾ ಆರು ತಿಂಗಳಾಗಿರುತ್ತದೆ. ಈ ಆರು ತಿಂಗಳನ್ನು ನೆನಪಿಡಲು ನಮಗೆ ಪಂಚಾಂಗವೇ ಸಾಕು. ಮಹಾನವಮಿಯ ಆಯುಧಪೂಜೆಯಂದು ಗಾಡಿಯನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿಟ್ಟು ಪೂಜಿಸುತ್ತೇವೆ. ಅದೇ ವಾರ ಆಯಿಲನ್ನೂ ಫಿಲ್ಟರುಗಳನ್ನೂ ಬದಲಿಸಿರಿ. ಮುಂಗಾರಿನ ನೆಲ್ಲಿನ ರಾಶಿಗೆ ಗಾಡಿ ಸಿದ್ಧವಾಗುತ್ತದೆ. ಯುಗಾದಿಗೆ ಮತ್ತೊಮ್ಮೆ ಬದಲಿಸಿರಿ. ಬೇಸಿಗೆಯ ಉರಿಗೂ ಎರಡನೆಯ ಬೆಳೆಯ ರಾಶಿಗೂ ಸಿದ್ಧವಾಗುತ್ತದೆ.

ಆಯಿಲ್ ಬದಲಿಸಿದಾಗಲೆಲ್ಲ ಆಯಿಲ್ ಫಿಲ್ಟರನ್ನೂ ಬದಲಿಸತಕ್ಕದ್ದು. ಕಟ್ಟಿಕೊಂಡ ಫಿಲ್ಟರಿನೊಳಗೆ ಒಂದು ಸಣ್ಣ ಕವಾಟವು ತೆರೆದು, ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತದೆ. ಎಂಜಿನ್ನು ಒಣಗಿ ಹಿಡಿದುಕೊಳ್ಳುವುದಕ್ಕಿಂತ ಅದೇ ಮೇಲೆಂದು ಹಾಗೆ ರಚಿಸಿರುವರು. ಡಬ್ಬಿಯ ಮುಚ್ಚಳದ ಸೀಲನ್ನು ನೋಡಿ, ರಸೀದಿಯನ್ನು ಪಡೆದು ಕೊಳ್ಳಿರಿ. ಖಾಲಿಯಾದ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ. ಡುಪ್ಲಿಕೇಟ್ ಮಾಲು ತುಂಬುವವರ ಕೈಗೆ ಅದು ಮತ್ತೆ ಸಿಗಬಾರದು.

ವಾರಕ್ಕೊಮ್ಮೆ ಗೇಜಿನ ಕಡ್ಡಿಯನ್ನು ನೋಡುವ ಅಭ್ಯಾಸವಿರಲಿ. ಗಾಡಿಯು ಸಮನೆಲದ ಮೇಲೆ ನಿಂತಿರಬೇಕು. ಎಂಜಿನ್ನು ನಿಂತು ಐದು ಹತ್ತು ನಿಮಿಷಗಳಾಗಿರಬೇಕು. ಕಡ್ಡಿಯನ್ನೆಳೆದು, ಒರೆಸಿ, ಮತ್ತೆ ಪೂರ್ತಿಯಾಗಿ ಅದ್ದಿ ತೆಗೆಯಿರಿ. ಆಯಿಲು ಎರಡು ಗುರುತುಗಳ ನಡುವೆ ಇದ್ದರೆ ಸರಿ. ಮೇಲಿನ ಗುರುತನ್ನು ಮೀರಿದರೂ ಹಾನಿಯೇ, ತಿರುಗುವ ದಂಡವು ಆಯಿಲನ್ನು ಕಡೆದು ನೊರೆಯೆಬ್ಬಿಸುತ್ತದೆ. ಹಾಕದೆಯೇ ಮಟ್ಟವು ಏರುತ್ತಿದ್ದರೆ ಡೀಸೆಲ್ಲೋ ನೀರೋ ಅದರೊಳಗೆ ಇಳಿಯುತ್ತಿದೆ. ಆಯಿಲು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಮುಂದಕ್ಕೆ ಓಡಿಸಬೇಡಿರಿ.

ಗಾಳಿಯ ವಿಚಾರವಾಯಿತು, ಆಯಿಲಿನ ವಿಚಾರವಾಯಿತು. ಎಂಜಿನ್ನನ್ನು ತಂಪಾಗಿಡುವ ನೀರಿನ ಮಾತನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ನಮ್ಮ ಬೋರುಗಳ ನೀರು ಅನೇಕ ಕಡೆ ಸವಳು. ಆ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪಕಳೆ ಕಟ್ಟುವುದನ್ನು ಪ್ರತಿಯೊಂದು ಮನೆಯ ತಾಯಂದಿರೂ ಬಲ್ಲರು. ಅದೇ ಪಕಳೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಎಂಜಿನ್ನಿನ ಒಳಗೋಡೆಗಳಲ್ಲಿಯೂ ಕಟ್ಟುತ್ತದೆ. ಶಾಖ ಹೊರಹೋಗದಂತೆ ತಡೆಯುತ್ತದೆ. ಆದುದರಿಂದ ರೇಡಿಯೇಟರಿಗೆ ಬೋರಿನ ನೀರು ಕೂಡದು. ಕೂಲೆಂಟನ್ನೂ ಬಟ್ಟಿಯಿಳಿಸಿದ ನೀರನ್ನೂ ಕೈಪಿಡಿ ಹೇಳುವ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಭಾಗ, ಬೆರೆಸಿ ತುಂಬಬೇಕು. ಆ ಮಿಶ್ರಣವು 100 ಡಿಗ್ರಿಗೆ ಕುದಿಯದೆ ಸುಮಾರು 107 ಡಿಗ್ರಿಯವರೆಗೂ ತಡೆಯುತ್ತದೆ. ಮುಚ್ಚಳದ ಒತ್ತಡದಲ್ಲಿ ಇನ್ನೂ ಮೇಲಕ್ಕೆ ತಡೆಯುತ್ತದೆ. ಬೇಸಿಗೆ ಬಂತೆಂದು ಥರ್ಮೋಸ್ಟಾಟನ್ನು ಕೀಳಿಸಿಹಾಕುವವರಿದ್ದಾರೆ. ಇದು ಹಳೆಯ ಕಾಲದ ಉಪಾಯ. ಇಂದಿನ ಎಂಜಿನ್ನಿನಲ್ಲಿ ನೀರಿನ ಹರಿವು ದಾರಿ ತಪ್ಪುತ್ತದೆ, ಇಂಧನವೂ ವ್ಯರ್ಥವಾಗುತ್ತದೆ. ರಾಶಿಯ ಕಾಲದಲ್ಲಿ ರೇಡಿಯೇಟರಿನ ಮುಂಭಾಗದಲ್ಲಿ ಹೊಟ್ಟು, ಹತ್ತಿಯ ಎಳೆ, ಹುಳುಗಳು ಸೇರಿರುತ್ತವೆ. ಮೆಲ್ಲಗೆ ಹರಿಯುವ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೆಂದಿಗೂ ತಿರುವಬೇಡಿರಿ.

ಇನ್ನುಳಿದುದು ಇಂಧನ. ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತು ಬರುತ್ತಿದೆ. ನೂರರಲ್ಲಿ 20 ಭಾಗ ಎಥನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಎಥನಾಲಿನಲ್ಲಿರುವ ಶಕ್ತಿಯು ಅಷ್ಟೇ ಅಳತೆಯ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಆದುದರಿಂದ ಲೀಟರಿಗೆ ದೊರೆಯುವ ದೂರವು ಸ್ವಲ್ಪ ಇಳಿದರೆ ಎಂಜಿನ್ನು ಕೆಟ್ಟಿತೆಂದು ತಿಳಿಯಬೇಡಿರಿ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತೇ ಇರುವ ಕಾರಿನ ಟ್ಯಾಂಕಿನಲ್ಲಿ ಈ ನೀರು ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಗಾಡಿಯನ್ನು ಆಗಾಗ ಓಡಿಸಿರಿ. ಹಳೆಯ ಕಾರಿದ್ದವರು ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿರಿ. ದುಬಾರಿಯಾದ ಪ್ರೀಮಿಯಂ ಪೆಟ್ರೋಲನ್ನು ಕೈಪಿಡಿಯು ಬೇಡಿದ್ದರೆ ಮಾತ್ರ ಹಾಕಿಸಿರಿ. ಬೇಡದ ಎಂಜಿನ್ನಿಗೆ ಅದರಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ.

ಡೀಸೆಲ್ಲಿನ ವಿಷಯ ಇನ್ನೂ ಗಹನವಾದುದು. 1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇದು ಸಂತೋಷವನ್ನು ಕೊಡುವ ಸಂಗತಿ. ಆದರೆ ಅಂದಿನ ಎಂಜಿನ್ನು ಏನನ್ನಾದರೂ ಅರಗಿಸಿಕೊಳ್ಳುತ್ತಿತ್ತು. ಇಂದಿನದಕ್ಕೆ ಆ ಶಕ್ತಿಯಿಲ್ಲ. ಇಂದಿನ ಡೀಸೆಲ್ ಕಾರಿನಲ್ಲಿ ಇಂಧನವನ್ನು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2,000 ಪಟ್ಟು ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಚಿಮ್ಮಿಸುವ ಇಂಜೆಕ್ಟರಿನ ಒಳಸಂದು ಎರಡು ಮೂರು ಮೈಕ್ರಾನಿಗಿಂತ ಹೆಚ್ಚಿಲ್ಲ. ಅಲ್ಲಿಗೆ ಸೀಮೆಎಣ್ಣೆ ಬೆರೆತ ಡೀಸೆಲ್ಲೋ, ಹನಿ ನೀರೋ, ಡ್ರಮ್ಮಿನ ತುಕ್ಕೋ ತಲಪಿದರೆ ರಿಪೇರಿಯ ಖರ್ಚು ಎದೆಯೊಡೆಸುವಂತಹುದು. ಹೊಲಗಳಲ್ಲಿ ಡ್ರಮ್ಮಿನಲ್ಲಿಯೂ ಕ್ಯಾನಿನಲ್ಲಿಯೂ ಡೀಸೆಲ್ ಕೂಡಿಡುವ ಪದ್ಧತಿ ನಮ್ಮಲ್ಲಿದೆ. ಅಂತಹ ಡೀಸೆಲ್ಲನ್ನು ಕಾರಿಗೆ ಹಾಕದಿರುವುದೇ ಉತ್ತಮ. ಹಾಕಲೇಬೇಕಾದರೆ ಒಂದು ದಿನ ಅಲುಗದಂತೆ ಬಿಟ್ಟು, ತಳದ ಭಾಗವನ್ನು ಮುಟ್ಟದೆ, ಮೇಲಿನಿಂದ ಸೋಸಿ ತೆಗೆದುಕೊಳ್ಳಬೇಕು. ಡೀಸೆಲ್ ಫಿಲ್ಟರಿನ ಕೆಳಗೆ ನೀರನ್ನು ಹೊರಬಿಡುವ ತಿರುಪು ಇದ್ದರೆ ಕೈಪಿಡಿ ಹೇಳಿದ ಹೊತ್ತಿಗೆ ಬಿಡಿಸಿರಿ. ಮುಂಭಾಗದ ಫಲಕದಲ್ಲಿ ನೀರಿನ ಎಚ್ಚರಿಕೆಯ ದೀಪ ಹತ್ತಿದೊಡನೆ ಗಾಡಿಯನ್ನು ನಿಲ್ಲಿಸಿರಿ.

ಬಂಕಿನಲ್ಲಿ ಗ್ರಾಹಕರಿಗೆ ಕೆಲವು ಹಕ್ಕುಗಳಿವೆಯೆಂಬುದು ಬಹು ಜನರಿಗೆ ತಿಳಿಯದು. ಸಂಶಯ ಬಂದರೆ ಫಿಲ್ಟರ್ ಕಾಗದವನ್ನು ಕೇಳಿ ಪಡೆಯಬಹುದು. ಕಾಗದದ ಮೇಲೆ ಪೆಟ್ರೋಲಿನ ಒಂದು ಹನಿಯನ್ನು ಬಿಟ್ಟರೆ, ಶುದ್ಧವಾದ ಪೆಟ್ರೋಲು ಒಂದೆರಡು ನಿಮಿಷಗಳಲ್ಲಿ ಕಲೆಯುಳಿಯದಂತೆ ಹಾರಿಹೋಗುತ್ತದೆ. ಕಲೆಯುಳಿದರೆ ಕಲಬೆರಕೆಯ ಶಂಕೆ. ಅಳತೆಯಲ್ಲಿ ಸಂಶಯವಿದ್ದರೆ ಮೊಹರು ಹಾಕಿದ 5 ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸೆಂದು ಕೇಳಬಹುದು. ಸಂಕೋಚಪಡದೆ, ಸೌಜನ್ಯದಿಂದ ಕೇಳಿರಿ.

ಕೊನೆಯದಾಗಿ ಒಂದು ಪ್ರಾರ್ಥನೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲು ಒಂದು ಕಾರಿಗೆ ಮೂರು ನಾಲ್ಕು ಲೀಟರ್ ಆಗುತ್ತದೆ. ಟ್ರ್ಯಾಕ್ಟರಿಗೆ ಅದಕ್ಕಿಂತ ಹೆಚ್ಚು. ಅದರಲ್ಲಿ ಮಸಿ, ಲೋಹದ ಪುಡಿ, ವಿಷದ್ರವ್ಯಗಳು ಸೇರಿರುತ್ತವೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಆದರೂ ಹೊಲದ ಬದುವಿನಲ್ಲಿ, ಚರಂಡಿಯಲ್ಲಿ, ಕಾಲುವೆಯ ಅಂಚಿನಲ್ಲಿ ಅದನ್ನು ಸುರಿಯುವುದು ಇನ್ನೂ ನಿಂತಿಲ್ಲ. ತುಂಗಭದ್ರೆಯ ಕಾಲುವೆಯ ನೀರು ನೆಲ್ಲಿಗೆ ಹರಿಯುವುದರೊಡನೆ ಈ ಸೀಮೆಯ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆಗಳನ್ನೂ ತುಂಬಿಸುತ್ತದೆ. ಆಯಿಲನ್ನು ಮನೆಯಲ್ಲಿ ಬದಲಿಸುವವರು ಹಳೆಯದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಕೂಡಿಟ್ಟು ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಕೊಡಿರಿ. ಗ್ಯಾರೇಜಿನಲ್ಲಿ ಬದಲಿಸುವವರು, ಇಳಿಸಿದ ಆಯಿಲು ಎಲ್ಲಿಗೆ ಹೋಗುತ್ತದೆಂದು ಮೇಸ್ತ್ರಿಯನ್ನು ತಪ್ಪದೆ ಕೇಳಿರಿ.